ಬಂಗಾರಕ್ಕನ ಪಾಲಿನ ಬೆಳಕು

ಬೆಳಕಿಗೆ ಹಲ್ಲಿದೆ ಎಂಬುದು ಮನುಷ್ಯನಿಗೆ ಮೊದಲಿನಿಂದಲೂ ಗೊತ್ತಿತ್ತು. ಕಿಟಕಿಯ ಪಕ್ಕ ನೇತುಹಾಕಿದ ಕ್ಯಾಲೆಂಡರ್ ಬಿಳಿಚಿಕೊಳ್ಳುವುದನ್ನು, ಬಿಸಿಲಿಗೆ ಹಾಕಿ ಮರೆತ ಸೀರೆಯ ಒಂದು ಮಗ್ಗುಲು ಮಾಸುವುದನ್ನು ಎಲ್ಲರೂ ಕಂಡವರೇ. ಆದರೆ ಆ ಹಲ್ಲು ಪ್ರತಿ ಸಲ ಎಷ್ಟು ಕಚ್ಚುತ್ತದೆ ಎಂದು ಅಳೆಯುವ ಉಪಕರಣ ಬಂದ ಮೇಲೆ ಲೋಕದ ನಡವಳಿಕೆಯೇ ಬದಲಾಯಿತು. ಸೂಜಿಯ ಮೊನೆಯಷ್ಟು ಜಾಗದ ಮೇಲೆ ಬೆಳಕು ಬಿಟ್ಟು, ಅಲ್ಲಿನ ಬಣ್ಣ ಎಷ್ಟು ಸೊರಗಿತೆಂದು ನೋಡಿ, ಆ ವಸ್ತು ಒಟ್ಟು ಇನ್ನೆಷ್ಟು ಬೆಳಕನ್ನು ತಾಳಿಕೊಂಡೀತು ಎಂದು ಅದು ಹೇಳುತ್ತಿತ್ತು. ಅದಕ್ಕೆ ಬೆಳಕಿನ ಪಾಲು ಎಂದು ಹೆಸರಾಯಿತು. ಪಾಲು ಮುಗಿಯುವ ಮೊದಲೇ ಪ್ರತಿಯೊಂದು ಕಲಾವಸ್ತುವನ್ನೂ ಕತ್ತಲೆಗೆ ಸೇರಿಸಬೇಕೆಂದು ಕಾನೂನು ಬಂತು. ಅಷ್ಟರಲ್ಲಿ ಕ್ಯಾಮೆರಾಗಳೂ ಎಷ್ಟು ಸೂಕ್ಷ್ಮವಾಗಿದ್ದವೆಂದರೆ, ಒಬ್ಬ ಮನುಷ್ಯ ಒಂದು ಚಿತ್ರದೆದುರು ನಿಂತು ಆಕಳಿಸುವಷ್ಟರಲ್ಲಿ ಖರ್ಚಾಗುವ ಬೆಳಕು ಅವಕ್ಕೆ ಆ ಚಿತ್ರವನ್ನು ಕಡೆಯ ಎಳೆಯವರೆಗೂ ದಾಖಲಿಸಲು ಸಾಕಾಗುತ್ತಿತ್ತು. ಲೆಕ್ಕ ಹಾಕಿದವರಿಗೆ ಉತ್ತರ ಸುಲಭವಾಗಿ ಸಿಕ್ಕಿತು: ದುಂದು ಮಾಡುತ್ತಿರುವುದು ಮನುಷ್ಯನ ಕಣ್ಣು.

ಹೀಗೆ ಕೋಲಾರದ ಹಳೆಯ ಚಿನ್ನದ ಗಣಿಯ ಮೇಲುಹಂತದ ಒಣ ಸುರಂಗಗಳಿಗೆ ಎರಡನೆಯ ಬದುಕು ಬಂತು. ಪಾಲು ಮುಗಿಯುತ್ತ ಬಂದ ವಸ್ತುಗಳೆಲ್ಲ ನಾಡಿನ ಮ್ಯೂಸಿಯಮ್ಮುಗಳಿಂದ ಇಲ್ಲಿಗೆ ಬರುತ್ತಿದ್ದವು. ಕೊನೆಯ ಸಲ ಅವುಗಳ ಚಿತ್ರ ತೆಗೆದು, ಸಾರಜನಕ ತುಂಬಿದ ಡಬ್ಬಿಗಳಲ್ಲಿ ಮುಚ್ಚಿ, ಬಣ್ಣ ಮಾಸದಂತೆ ಮಾಡುವ ವಿದ್ಯೆ ಎಂದಾದರೊಂದು ದಿನ ಹುಟ್ಟುವವರೆಗೆ ಇರಲಿ ಎಂದು ಸುರಂಗದಲ್ಲಿ ಸಾಲಾಗಿ ಇಡುತ್ತಿದ್ದರು. ಫಲಕದ ಮೇಲೆ ಸಂಸ್ಥೆಯ ಹೆಸರು ದೃಶ್ಯನಿಧಿ ಎಂದಿತ್ತು. ಊರಿನವರು ಕತ್ತಲೆ ಆಫೀಸು ಎನ್ನುತ್ತಿದ್ದರು.

ಕತ್ತಲೆ ಆಫೀಸಿನ ಹಿರಿಯ ಛಾಯಾಗ್ರಾಹಕಿ ಪ್ರಮೀಳಾ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಬೆಳಕಿನ ಮೇಲೆಯೇ ಸಂಶೋಧನೆ ಮಾಡಿ, ಮೂವತ್ತರ ಆಸುಪಾಸಿನಲ್ಲಿ ಇಲ್ಲಿಗೆ ಬಂದವಳು ಈಗ ನಿವೃತ್ತಿಯ ಹೊಸ್ತಿಲಿನಲ್ಲಿದ್ದಳು. ಅವಳು ತೆಗೆದ ಚಿತ್ರಗಳನ್ನು ಶಾಲೆಗಳಲ್ಲಿ ಗೋಡೆಯಗಲ ಮಾಡಿ ತೋರಿಸುತ್ತಿದ್ದರು. ಅವಳ ಕೈಯಿಂದ ಅಲುಗಿದ, ಮಸುಕಾದ ಚಿತ್ರ ಒಂದೂ ಬಂದಿಲ್ಲವೆಂದು ಬೇರೆ ರಾಜ್ಯದವರೂ ಹೇಳುತ್ತಿದ್ದರು. ಆದರೆ ಆ ಸಾವಿರಾರು ವಸ್ತುಗಳಲ್ಲಿ ಒಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ.

ಕೆಲಸದ ರೀತಿಯೇ ಹಾಗಿತ್ತು. ಚಿತ್ರ ತೆಗೆಯಬೇಕಾದ ವಸ್ತುವಿನದೇ ಅಳತೆಯ ಒಂದು ಬದಲಿಯನ್ನು ಅವಳು ಮೊದಲು ರಟ್ಟಿನಲ್ಲಿ ಕತ್ತರಿಸಿಕೊಳ್ಳುತ್ತಿದ್ದಳು. ಅದಕ್ಕೆ ಬೂದು ಬಣ್ಣ ಬಳಿಯುತ್ತಿದ್ದಳು. ಬೂದು ಬಣ್ಣದೆದುರು ಕ್ಯಾಮೆರಾ ಮೋಸಹೋಗುವುದಿಲ್ಲ. ದೀಪ ಹಾಕಿಕೊಂಡು, ಬದಲಿಯನ್ನು ಚೌಕಟ್ಟಿಗೆ ಸಿಕ್ಕಿಸಿ, ದೂರ, ಕೋನ, ಫೋಕಸ್ ಎಲ್ಲವನ್ನೂ ಹೊಂದಿಸಬೇಕು. ಆಮೇಲೆ ದೀಪ ಆರಿಸಿ, ಕಗ್ಗತ್ತಲೆಯಲ್ಲಿ ಬದಲಿಯನ್ನು ತೆಗೆದು, ಅಸಲನ್ನು ಕೈಯಂದಾಜಿನಲ್ಲೇ ಎತ್ತಿ ಅದೇ ಜಾಗದಲ್ಲಿ ಕೂರಿಸಬೇಕು. ಉಸಿರಿನ ತೇವ ತಾಗಬಾರದು, ಮೈಮೇಲಿನ ಬಟ್ಟೆಯಿಂದ ಬೆಳಕು ಚಿಮ್ಮಬಾರದು ಎಂದು ಹೊರಗೆ ಬಂದು ಬಾಗಿಲು ಹಾಕಿ, ಮೇಲೆ ನಿಯಂತ್ರಣ ಕೊಠಡಿಯಲ್ಲಿ ಕೂತ ದೊರೈರಾಜನಿಗೆ ಫೋನಿನಲ್ಲಿ ಎರಡೇ ಮಾತು ಹೇಳಬೇಕು.

"ಕೋಣೆ ಖಾಲಿ."

"ಆಯ್ತು ಮೇಡಂ, ಬಿಟ್ಟೆ," ಎನ್ನುತ್ತಿದ್ದ ದೊರೈ. ಖಾಲಿ ಕೋಣೆಯಲ್ಲಿ, ಬೆಳದಿಂಗಳಿಗಿಂತ ಮಂಕಾದ ಬೆಳಕು ನೇರಳೆಯಿಂದ ಕೆಂಪಿನವರೆಗೆ ಒಂದೊಂದೇ ಬಣ್ಣವಾಗಿ, ಒಂದೊಂದಕ್ಕೂ ಕೆಲವು ನಿಮಿಷದಂತೆ, ಆ ವಸ್ತುವಿನ ಮೇಲೆ ಬಿದ್ದು ಮುಗಿಯುತ್ತಿತ್ತು. ಬೇರೆ ಬೇರೆ ಬಣ್ಣದಲ್ಲಿ ತೆಗೆದ ಆ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ ಪೂರ್ಣಚಿತ್ರ. ನಡುವೆ ವಸ್ತು ಕೂದಲೆಳೆಯಷ್ಟು ಸರಿದರೂ ಬಣ್ಣಗಳು ಒಂದಕ್ಕೊಂದು ಕೂರುವುದಿಲ್ಲ. ಮತ್ತೊಮ್ಮೆ ತೆಗೆಯೋಣವೆಂದರೆ ಪಾಲು ಉಳಿದಿರುವುದಿಲ್ಲ.

ಕೆಲಸ ಮುಗಿದ ಬದಲಿಗಳನ್ನು ಎಸೆಯಲು ಮನಸ್ಸಾಗದೆ ಪ್ರಮೀಳಾ ಕ್ವಾರ್ಟರ್ಸಿಗೆ ತಂದಿಟ್ಟುಕೊಳ್ಳುತ್ತಿದ್ದಳು. ಮೊದಮೊದಲು ಅಟ್ಟದ ಮೇಲೆ, ಆಮೇಲೆ ಕಪಾಟಿನ ನೆತ್ತಿಯಲ್ಲಿ, ಈಗ ಊಟದ ಮೇಜಿನ ಸುತ್ತಲ ಕುರ್ಚಿಗಳ ಮೇಲೂ ಅವೇ. ಬೂದು ಬಣ್ಣದ ನಟರಾಜ, ಬೂದು ಬಣ್ಣದ ಪಲ್ಲಕ್ಕಿ ಬಾಗಿಲು, ಬೂದು ಬಣ್ಣದ ಗಂಜೀಫಾ ಆಟದ ಎಲೆಗಳ ಕಂತೆ. ಮುಖವಿಲ್ಲ, ಕಣ್ಣಿಲ್ಲ, ಅಂಚು ಮಾತ್ರ. ಕುಕ್ಕರ್ ಇಳಿಸಿ ತಟ್ಟೆ ಹಾಕಿಕೊಂಡಾಗ ಎದುರಿಗೆ ಯಾರೋ ಕೂತಿದ್ದಾರೆಂಬ ಭಾವ ಬರುತ್ತಿತ್ತು. ಅಷ್ಟು ಸಾಕು ಎಂದು ಅವಳು ಎಂದೋ ಒಪ್ಪಿಕೊಂಡಾಗಿತ್ತು.

ಕಾನೂನು ಮ್ಯೂಸಿಯಮ್ಮುಗಳಿಗೆ ಮಾತ್ರ ಇದ್ದದ್ದು. ಅದರ ಭಯ ಮಾತ್ರ ಮನೆಮನೆಗೂ ನುಗ್ಗಿತ್ತು. ಜನ ಅಂಗಡಿಯಲ್ಲಿ ಪಾಲುಮಾಪಕ ಕೊಂಡು, ಮದುವೆಯ ಫೋಟೋ, ಅಜ್ಜಿಯ ಸೆರಗು, ಮಗುವಿನ ಮೊದಲ ಅಂಗಿ ಎಲ್ಲವನ್ನೂ ಕಪ್ಪು ಚೀಲಕ್ಕೆ ತುಂಬಿ ಅವುಗಳ ಪ್ರತಿಯನ್ನು ಪರದೆಯ ಮೇಲೆ ನೋಡತೊಡಗಿದ್ದರು. ಆ ಭಾನುವಾರ ಮೈಸೂರಿನಿಂದ ಪ್ರಮೀಳಾಳ ತಮ್ಮ ಶಾಂತರಾಜು ಫೋನ್ ಮಾಡಿದ್ದೂ ಅದಕ್ಕೇ. ಅವನ ಮಗಳ ಮದುವೆ ಹತ್ತಿರವಿತ್ತು.

"ಅಕ್ಕಾ, ಅಮ್ಮನ ಧಾರೆ ಸೀರೆ ಅಳೆಸಿದೆ. ಇನ್ನು ಒಂದು ಗಂಟೆ ಮದುವೆಮನೆ ಲೈಟು ತಡೆಯುತ್ತಂತೆ. ಏನ್ ಮಾಡ್ಲಿ?"

"ಏನ್ ಮಾಡ್ತೀಯ, ಉಡಿಸು."

"ಉಡಿಸಿದ್ರೆ ಹೋಯ್ತಲ್ಲ! ಅದಕ್ಕೇ ಅದರದೇ ಪ್ರಿಂಟ್ ಒಂದು ಮಾಡಿಸ್ತಿದೀವಿ, ಥೇಟ್ ಹಾಗೇ ಇದೆ. ನೀನು ಮದುವೆಗೆ ಬರ್ತೀಯ ತಾನೆ? ಕೆಲಸ ಇದ್ರೆ ಪರವಾಗಿಲ್ಲ, ಲೈವ್ ಹಾಕ್ತೀವಿ, ಅಲ್ಲಿಂದ್ಲೇ ನೋಡು."

"ನೋಡ್ತೀನಿ," ಎಂದಳು ಪ್ರಮೀಳಾ. ಯಾವುದನ್ನು ಎಂದು ಅವನೂ ಕೇಳಲಿಲ್ಲ.

ಮಾರನೆಯ ವಾರ ಬಂದದ್ದು ಬಂಗಾರಕ್ಕ. ತೊಗಲುಗೊಂಬೆಯಾಟದ ನಗೆಗಾರ ಕಿಳ್ಳೇಕ್ಯಾತನ ಹೆಂಡತಿ. ಮೊಳಕ್ಕಿಂತ ಸ್ವಲ್ಪ ಉದ್ದದ, ದೀಪಕ್ಕೆ ಹಿಡಿದರೆ ಬಣ್ಣ ತೋರುವ ಹದಮಾಡಿದ ತೊಗಲು. ಕುತ್ತಿಗೆ ಮತ್ತು ಬಲಗೈ ಮಾತ್ರ ದಾರದ ಗಂಟಿನಿಂದ ಆಡುವಂಥವು. ತುಂಗಭದ್ರೆಯ ದಂಡೆಯ ಒಂದು ಊರಿನ ಮನೆತನದಿಂದ ಬಹಳ ಹಿಂದೆ ಮ್ಯೂಸಿಯಂ ಒಂದಕ್ಕೆ ಬಂದಿದ್ದಳು. ಸೀರೆಗೆ ಹಚ್ಚಿದ ಗಿಡಮೂಲಿಕೆಯ ಕೆಂಪು ಸೊರಗಿಹೋಗಿತ್ತು. ಅವಳ ಪಾಲಿಗೆ ಉಳಿದಿದ್ದ ಬೆಳಕು ಸರಿಯಾಗಿ ಒಂದು ಪೂರ್ಣಚಿತ್ರಕ್ಕೆ ಸಾಕಾಗುವಷ್ಟು. ಮೇಲೊಂದು ಚಿಟಿಕೆ, ಅಷ್ಟೆ.

ಪೂಜೆ, ಆಟ, ಆಚರಣೆಯ ವಸ್ತುಗಳನ್ನು ಕೊನೆಯ ಸಲ ಡಬ್ಬಿಯಿಂದ ತೆಗೆದು ಚೌಕಟ್ಟಿಗೆ ಕೂರಿಸುವ ಕೆಲಸಕ್ಕೆ ಆ ಮನೆತನದವರನ್ನೇ ಕರೆಯಬೇಕೆಂದು ನಿಯಮವಿತ್ತು. ಹಾಗೆ ಬಂದವಳು ಹುಲಿಗೆಮ್ಮ. ಸರ್ಕಾರಿ ಬಸ್ಸಿನ ಕಂಡಕ್ಟರ್. ರಜೆ ಹಾಕಿ, ಒಂದು ದಿನ ಮೊದಲೇ, ಖಾಕಿ ಅಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದಿದ್ದಳು. ನಲವತ್ತು ದಾಟಿದ ಹೆಂಗಸು. ಸಂಸ್ಥೆಯ ಅತಿಥಿಗೃಹದ ನೀರಿನ ಮೋಟಾರು ಕೆಟ್ಟಿದ್ದರಿಂದ ಪ್ರಮೀಳಾ ಅವಳನ್ನು ತನ್ನ ಮನೆಗೇ ಕರೆದುಕೊಂಡು ಬಂದಳು. ಸಂಜೆಯ ಚಹಾದ ಹೊತ್ತು. ಹುಲಿಗೆಮ್ಮ ಒಳಗೆ ಕಾಲಿಟ್ಟವಳೇ ನಿಂತುಬಿಟ್ಟಳು.

"ಯವ್ವಾ! ಏನ್ರೀ ಮೇಡಂ, ಮನಿ ತುಂಬ ಮಂದಿ ಅದಾರ, ಒಬ್ರೂ ಮಾತಾಡವಲ್ರು?"

"ಅವು ಬದಲಿಗಳು. ಕೂತ್ಕೊಳ್ಳಿ. ಆ ಕುರ್ಚಿ ಮೇಲಿರೋದನ್ನ ಕೆಳಗಿಡಿ."

"ಇಳೀರಿ ಯಜಮಾನ್ರೆ, ಲೇಡೀಸ್ ಸೀಟು," ಎಂದು ಹುಲಿಗೆಮ್ಮ ಬೂದು ನಟರಾಜನನ್ನು ಎತ್ತಿ ಗೋಡೆಗೊರಗಿಸಿ ಕೂತಳು. ಚಹಾ ಹೀರಿ, ಎಷ್ಟೋ ವರ್ಷದಿಂದ ಬಾಯಲ್ಲಿಟ್ಟುಕೊಂಡು ಬಂದ ಪ್ರಶ್ನೆಯನ್ನು ಕೇಳಿದಳು.

"ನಾಳಿ ಅಕಿನ್ನ ನೋಡಾಕ ಸಿಗತೈತೇನ್ರಿ?"

ಪ್ರಮೀಳಾ ಈ ಪ್ರಶ್ನೆಗೆ ಅನೇಕರಿಗೆ ಉತ್ತರ ಹೇಳಿದ್ದಳು. ಇವತ್ತು ಹೇಳುವಾಗ ಲೋಟದ ಕಡೆ ನೋಡುತ್ತಿದ್ದಳು. "ಕತ್ತಲೆಯಲ್ಲಿ ಕೈಯಿಂದ ಕೂರಿಸ್ತೀರಿ. ಬೆಳಕು ಬಿಡುವಾಗ ಒಳಗೆ ಯಾರೂ ಇರೋ ಹಾಗಿಲ್ಲ. ಆಮೇಲೆ ಮತ್ತೆ ಕತ್ತಲೆಯಲ್ಲೇ ಡಬ್ಬಿಗೆ ಹಾಕ್ತೀರಿ. ಚಿತ್ರ ಬಂದ ಮೇಲೆ ಪರದೆಯ ಮೇಲೆ..."

"ಅಂದ್ರ ಮುಟ್ಟಬೋದು, ನೋಡಂಗಿಲ್ಲ."

"ಹೌದು."

"ಸಣ್ಣಾಕಿದ್ದಾಗ ನಮ್ಮಪ್ಪ ಮ್ಯೂಸಿಯಂಗ ಕರ್ಕೊಂಡು ಹೋಗಿದ್ದ. ಗಾಜಿನ ಹಿಂದ ನಿಂತಿದ್ಲು. ಮುಟ್ಟಬ್ಯಾಡ, ದೂರ ನಿಂತು ನೋಡು ಅಂತ ವಾಚ್‌ಮನ್ ಬೈದ. ಈಗ ನೀವು ಮುಟ್ಟು, ನೋಡಬ್ಯಾಡ ಅಂತೀರಿ. ನಿಮ್ಮ ಮಂದಿಗೆ ಒಟ್ಟ ಎರಡೂ ಕೂಡಿ ಕೊಡಾಕ ಕೈ ಬರಂಗಿಲ್ಲ ನೋಡ್ರಿ."

ಕೋಪದ ಮಾತೇನೂ ಆಗಿರಲಿಲ್ಲ. ಚಿಲ್ಲರೆ ಇಲ್ಲ ಎನ್ನುವವರಿಗೆ ಹೇಳುವಂತೆ ಹೇಳಿದ್ದಳು. ಆಮೇಲೆ ಮೇಜಿನ ಮೇಲಿದ್ದ, ಆ ಬೆಳಿಗ್ಗೆಯಷ್ಟೇ ಬಣ್ಣ ಒಣಗಿದ್ದ ಬದಲಿಯ ಮೇಲೆ ಅವಳ ಕಣ್ಣು ಬಿತ್ತು. ಉಬ್ಬಿದ ಹೊಟ್ಟೆ, ಮುಂದೆ ಚಾಚಿದ ಗದ್ದ, ತುರುಬು, ದಾರದಲ್ಲಿ ಜೋಡಿಸಿದ ಬಲಗೈ.

"ಇಕಿ ನಮ್ಮ ಬಂಗಾರಕ್ಕ ಅಲ್ಲೇನ್ರಿ? ಬೂದಿ ಬಡದು ಸನ್ಯಾಸಿನಿ ಮಾಡಿಟ್ಟೀರಲ್ರೀ ಅಕಿನ್ನ!"

ಹುಲಿಗೆಮ್ಮ ಒಲೆಯ ಪಕ್ಕದ ಪೊರಕೆಯಿಂದ ಎರಡು ಕಡ್ಡಿ ಕಿತ್ತು, ಒಂದನ್ನು ಬೆನ್ನಿಗೂ ಒಂದನ್ನು ಕೈಗೂ ಕಟ್ಟಿದಳು. ಅಡುಗೆಮನೆಯ ಬಲ್ಬಿನ ಮುಂದೆ ಹಿಡಿದಳು. ಎದುರು ಗೋಡೆಯ ಮೇಲೆ ಇದ್ದಕ್ಕಿದ್ದಂತೆ ಒಬ್ಬ ಹೆಂಗಸು ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ಏ ಕ್ಯಾತಾ! ಎಲ್ಲಿ ಹಾಳಾಗಿ ಹೋಗೀಯೋ ಮೂಳಾ? ಸಂತಿಗೆ ಹೋದಾಂವ ಸಂತೀನ ಆಗಿಬಿಟ್ಟೇನ?"

ಸ್ವರ ಹುಲಿಗೆಮ್ಮನದಾಗಿರಲಿಲ್ಲ. ಎತ್ತರದ, ಒಡಕು, ತಗಡಿಗೆ ತಗಡು ತಾಗಿದಂಥ ದನಿ. ಪ್ರಮೀಳಾ ನಕ್ಕಳು. ನಕ್ಕದ್ದು ತನ್ನದೇ ಮನೆಯ ಗೋಡೆಗೆ ತಾಗಿ ಹಿಂದಿರುಗಿದಾಗ ಅವಳಿಗೆ ತಾನೇ ಬೆಚ್ಚಿದಂತಾಯಿತು.

"ನಮ್ಮ ಅಮ್ಮಜ್ಜಿ ಬಂಗಾರಕ್ಕಗ ದನಿ ಕೊಡತಿದ್ಲು. ನಾ ತೆರೀ ಹಿಂದ ಮಲಕೊಂಡು ಕೇಳೀನಿ. ನಾ ಆಡಿಸೂ ವಯಸ್ಸಿಗೆ ಬರೂದ್ರಾಗ ಗೊಂಬಿ ಮಾರಿದ್ರು. ದನಿ ಉಳೀತು, ಗೊಂಬಿ ಹೋತು. ಬಸ್ಸಿನ್ಯಾಗ ಟಿಕೆಟ್ ತಗೊಳ್ಳದವರ್ನ ಬೈಯಾಕ ಅದನ್ನ ಇಟಗೊಂಡೀನಿ." ಹುಲಿಗೆಮ್ಮ ಬದಲಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. "ನಮ್ಮ ಮನ್ಯಾಗ ಒಂದು ಪದ್ಧತಿ ಐತ್ರಿ. ಗೊಂಬಿ ಹಳೇದಾತಂದ್ರ ಹೊಳಿಗೆ ಬಿಡ್ತೀವಿ. ಬಿಡೂ ಮುಂದ ಒಂದ್ ಸಲ ದೀಪ ಹಚ್ಚಿ ಮಾತಾಡಿಸ್ತೀವಿ. ಸುಮ್ನ ಕಳಸಂಗಿಲ್ಲ. ಮಾತು ಅರ್ಧಕ್ಕ ನಿಂತಂಗ ಆಗತೈತಿ. ನೀವು ಹೊಳಿಗೆ ಬಿಡಂಗಿಲ್ಲ, ಗಣಿಗೆ ಬಿಡ್ತೀರಿ. ನನಗ ಎಲ್ಡೂ ಒಂದಽ."

ಪ್ರಮೀಳಾ ಗೋಡೆಯನ್ನೇ ನೋಡುತ್ತಿದ್ದಳು. ನೆರಳು ಹೋಗಿ, ಬಲ್ಬಿನ ಬೆಳಕು ಮಾತ್ರ ಅಲ್ಲಿ ಉಳಿದಿತ್ತು. ಪಾಲಿನ ಲೆಕ್ಕವೆಲ್ಲ ವಸ್ತುವಿಗೆ ತಾಗುವ ಬೆಳಕಿನದು. ತೊಗಲುಗೊಂಬೆಗೆ ಬೆಳಕು ಬಿಡುವುದು ಹಿಂದಿನಿಂದ. ತಾಗಿದ ಮೇಲೆ, ತೊಗಲನ್ನು ಹಾದು ಆಚೆ ಬಂದ ಬೆಳಕಿಗೆ ಯಾರ ಲೆಕ್ಕವೂ ಇಲ್ಲ. ಅದರಲ್ಲಿ ಬೊಗಸೆಯಷ್ಟನ್ನು ಕ್ಯಾಮೆರಾ ಹಿಡಿಯುತ್ತದೆ. ಉಳಿದದ್ದೆಲ್ಲ ಕ್ಯಾಮೆರಾದ ಹಿಂದಿನ ಗೋಡೆಗೆ ಹೊದಿಸಿದ ಕಪ್ಪು ಬಟ್ಟೆಯಲ್ಲಿ ಸಾಯುತ್ತದೆ. ಇಷ್ಟು ವರ್ಷ ಆ ಕಪ್ಪು ಬಟ್ಟೆಯನ್ನು ಅವಳೇ ತೊಳೆದು, ಅವಳೇ ತೂಗುಹಾಕಿದ್ದಳು.

"ಕಪ್ಪು ಬಟ್ಟೆ ತೆಗೆದು ಬಿಳೀದು ಹಾಕಿದರೆ..." ಎಂದಳು, ಅರ್ಧ ತನಗೇ. "ನೆರಳು ಗೋಡೆ ಮೇಲೆ ಬೀಳುತ್ತೆ. ಬಿಳೀ ಬಟ್ಟೆಯಿಂದ ಸ್ವಲ್ಪ ಬೆಳಕು ವಾಪಸ್ಸು ಬಂದು ಗೊಂಬೆಗೆ ತಾಗುತ್ತೆ. ಆ ಚಿಟಿಕೆ ಇದೆಯಲ್ಲ, ಅದರಲ್ಲಿ ಮುಗಿಯುತ್ತೆ." ಆಮೇಲೆ ಹುಲಿಗೆಮ್ಮನ ಕಡೆ ತಿರುಗಿದಳು. "ನೋಡಬಹುದು, ಹುಲಿಗೆಮ್ಮ. ಬಣ್ಣ ಕಾಣಲ್ಲ, ಅಷ್ಟು ಮಂಕು ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯೋದಿಲ್ಲ. ನೆರಳು ಕಾಣುತ್ತೆ. ನೀವು ಪಕ್ಕದಲ್ಲಿ ಕೂತು ದನಿ ಕೊಡಿ. ಆದರೆ ಗೊಂಬೆ ಅಲುಗಬಾರದು."

"ಅಲುಗಬಾರದಂದ್ರ?"

"ಒಂದಿಷ್ಟೂ. ಅಲುಗಿದರೆ ಚಿತ್ರ ಕೆಡುತ್ತೆ. ಇನ್ನೊಂದು ತೆಗೆಯೋಕೆ ಬೆಳಕಿಲ್ಲ. ಇನ್ನು ನೂರು ವರ್ಷ ಬಿಟ್ಟು ಬಂಗಾರಕ್ಕ ಹೇಗಿದ್ದಳು ಅಂತ ಯಾರಾದರೂ ಕೇಳಿದರೆ ತೋರಿಸೋಕೆ ಇರೋದು ಆ ಒಂದು ಚಿತ್ರ."

ಹುಲಿಗೆಮ್ಮ ಬದಲಿಯ ಬಲಗೈಯನ್ನು ಸೊಂಟಕ್ಕೆ ಮಡಿಚಿಟ್ಟು, "ಆತು ಬಿಡ್ರಿ. ಸಿಕ್ಕಷ್ಟು," ಎಂದಳು.

ಮರುದಿನ ನಡುಮಧ್ಯಾಹ್ನ ಅವರಿಬ್ಬರೂ ಗಣಿಯ ತೊಟ್ಟಿಲಿನಲ್ಲಿ, ಆ ಹಳೆಯ ಕಬ್ಬಿಣದ ಲಿಫ್ಟಿನಲ್ಲಿ, ಇಳಿದರು. ಮೇಲೆ ಸುಡುಬಿಸಿಲು, ಚಿನ್ನ ಸೋಸಿ ಸುರಿದ ಸೈನೈಡ್ ದಿಬ್ಬಗಳ ಬಿಳಿ ಧೂಳು. ಕೆಳಗೆ ಸುರಂಗದ ತಂಪು, ಡಬ್ಬಿಗಳ ಸಾಲು. ಚಿತ್ರದ ಕೋಣೆಯಲ್ಲಿ ಪ್ರಮೀಳಾ ಕಪ್ಪು ಬಟ್ಟೆ ಬಿಚ್ಚಿ, ಮನೆಯಿಂದ ತಂದ ಬಿಳಿಯ ಹಾಸುಬಟ್ಟೆಯನ್ನು ಕಟ್ಟಿದಳು. ಬದಲಿಯಿಟ್ಟು ಎಲ್ಲ ಹೊಂದಿಸಿದಳು. ದೀಪ ಆರಿಸಿದಳು. ಕಣ್ಣು ಕತ್ತಲೆಗೆ ಒಗ್ಗಲೆಂದು ಇಬ್ಬರೂ ನೆಲದ ಮೇಲೆ ಕೂತರು. ಎಷ್ಟೋ ಹೊತ್ತಿನ ಮೇಲೆ ಹುಲಿಗೆಮ್ಮ ಡಬ್ಬಿ ತೆರೆದು ಕೈಯಿಟ್ಟಳು.

"ಇಲ್ಲೇ ಅದಾಳ್ರಿ," ಎಂದು ಕತ್ತಲೆಯಲ್ಲಿ ಅವಳ ದನಿ ಬಂತು. "ಕಿವಿ ಹರಿದೈತಿ. ಓಲಿ ಇತ್ತು, ಹೋಗೇತಿ." ತೊಗಲು ಒಣಗಿದ ಮುತ್ತುಗದ ಎಲೆಯಂತೆ ಚರಚರ ಎಂದಿತು. ಬೆನ್ನಿನ ಕಡ್ಡಿ, ಕೈಯ ಕಡ್ಡಿ ಎರಡೂ ಇನ್ನೂ ಇದ್ದವು. ಕೈಕಡ್ಡಿಯನ್ನು ಚೌಕಟ್ಟಿಗೆ ಬಿಗಿಯಬೇಕಿತ್ತು. ಬಿಗಿದ ಸದ್ದನ್ನು ಪ್ರಮೀಳಾ ಕೇಳಿಸಿಕೊಂಡಳು.

ಅವಳು ಫೋನ್ ಎತ್ತಿಕೊಂಡಳು. ಎರಡು ಮಾತು. ಸಾವಿರಾರು ಸಲ ಹೇಳಿದ್ದ ಎರಡು ಮಾತು.

"ದೊರೈ, ಕೋಣೆ ಖಾಲಿಯಿಲ್ಲ."

ದೊರೈರಾಜ್ ಅವಳ ಜೊತೆ ಹದಿನೈದು ವರ್ಷ ಕೆಲಸ ಮಾಡಿದ್ದವನು. ಅವನ ತಾತ ಇದೇ ಗಣಿಯಲ್ಲಿ ಕಲ್ಲು ಒಡೆದಿದ್ದ.

"ಏನ್ ಮೇಡಂ ತಮಾಷೆ ಮಾಡ್ತೀರಾ?"

"ಇಲ್ಲ. ನಾನು ಒಳಗಿದೀನಿ, ಹುಲಿಗೆಮ್ಮನೂ ಇದಾರೆ. ಬೆಳಕು ಬಿಡು."

"ರೂಲ್ಸ್ ಗೊತ್ತಲ್ಲ ನಿಮ್ಗೆ. ನೀವೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು?" ಅವನು ಉಸಿರು ಬಿಟ್ಟದ್ದು ಕೇಳಿಸಿತು. "ರಿಟೈರ್ ಆಗೋ ಟೈಮಲ್ಲಿ ಯಾಕ್ ಮೇಡಂ? ನಾಳೆ ಕೇಳಿದ್ರೆ ನಾನು ಸುಳ್ಳು ಹೇಳಲ್ಲ."

"ಹೇಳಬೇಡ."

"ಸರಿ. ಬಿಟ್ಟೆ."

ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಳಿಯ ಬಟ್ಟೆ ಕತ್ತಲೆಯಿಂದ ಮೆಲ್ಲಗೆ ಬೇರೆಯಾಯಿತು, ಮುಂಜಾವಿನ ಮೋಡದ ಹಾಗೆ. ಅದರ ನಡುವೆ, ಆಳೆತ್ತರಕ್ಕೆ, ಬಂಗಾರಕ್ಕ. ರಟ್ಟಿನಂತೆ ಬರಿ ಅಂಚಲ್ಲ. ಉಳಿಯಿಂದ ಕೊರೆದ ರಂಧ್ರಗಳೆಲ್ಲ ಬೆಳಗಿದವು: ಸೆರಗಿನ ಬುಟ್ಟಾ, ಕೊರಳ ಸರ, ಬೆರಳುಗಳ ನಡುವಿನ ಬಿರುಕು, ಅಗಲವಾದ ಒಂದೇ ಒಂದು ಕಣ್ಣು. ಅವಳ ಹೊಟ್ಟೆಯ ಮೇಲೊಂದು ಕರಿಯ ಕಲೆ, ಕ್ಯಾಮೆರಾದ ನೆರಳು. ಪ್ರಮೀಳಾ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ತೆಗೆದ ಯಾವ ಚಿತ್ರವೂ ಅವಳನ್ನು ಹೀಗೆ ತಿರುಗಿ ನೋಡಿರಲಿಲ್ಲ.

ನೇರಳೆ ಮುಗಿದು ನೀಲಿ ಬಂತು. ಅವರಿಗೆ ಕಂಡದ್ದು ಬೂದುಬೆಳಕು ಒಂದಿಷ್ಟು ಹೆಚ್ಚಾದದ್ದಷ್ಟೆ.

"ಹುಲಿಗೆಮ್ಮ, ಮಾತಾಡಿ. ಹೊತ್ತು ಹೋಗ್ತಿದೆ."

"ಬರವಲ್ತು ರೀ." ನೆರಳಿನ ಕಡೆ ಮುಖ ಮಾಡಿ "ಏ ಕ್ಯಾತಾ..." ಅಂದಳು, ಹುಲಿಗೆಮ್ಮನದೇ ದನಿಯಲ್ಲಿ. ನಿಲ್ಲಿಸಿದಳು. "ಕೈ ಆಡದ ಬಾಯಿ ಆಡಂಗಿಲ್ಲ ರೀ. ಹಿಂಗ ಕಟ್ಟಿಹಾಕಿದ್ರ ಇದು ಗೊಂಬಿ ಅಲ್ಲ, ಹೆಣ. ಇರ್ಲಿ ಬಿಡ್ರಿ. ಕಂಡ್ಲಲ್ಲ, ಸಾಕು."

ಪ್ರಮೀಳಾ ಲೆಕ್ಕ ಹಾಕಿದಳು. ಅವಳಿಗೆ ಬರುವುದು ಅದೊಂದೇ. ನೇರಳೆ, ನೀಲಿ ಎರಡೂ ಚೊಕ್ಕವಾಗಿ ಬಂದಿವೆ. ಇನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು. ಸುಮ್ಮನಿದ್ದರೆ ತನ್ನ ಹೆಸರಿನ ಕೊನೆಯ ಚಿತ್ರವೂ ಮೊದಲಿನವುಗಳಂತೆ ನಿಷ್ಕಳಂಕ. ಸುಮ್ಮನಿದ್ದರೆ ಬಂಗಾರಕ್ಕನ ಮುಖ ನೂರಾರು ವರ್ಷ ಉಳಿಯುತ್ತದೆ, ಪ್ರತಿ ರಂಧ್ರದೊಡನೆ, ಮಾತಿಲ್ಲದೆ. ತನ್ನ ಮನೆಯ ಕುರ್ಚಿಗಳ ಮೇಲೆ ಕೂತವರಂತೆ.

ಅವಳು ಎದ್ದು, ಕೈಯಾಡಿಸಿ, ಚೌಕಟ್ಟಿನ ಹಿಡಿಯನ್ನು ಹುಡುಕಿ ಸಡಿಲಿಸಿದಳು. ಕೈಕಡ್ಡಿಯನ್ನೂ ಬೆನ್ನುಕಡ್ಡಿಯನ್ನೂ ಹುಲಿಗೆಮ್ಮನ ಮುಷ್ಟಿಗೆ ಕೊಟ್ಟಳು.

"ಆಡಿಸಿ."

"ಚಿತ್ರ ರೀ?"

"ಆಡಿಸಿ ಅಂದೆ."

ಬಟ್ಟೆಯ ಮೇಲೆ ಬಂಗಾರಕ್ಕ ಒಮ್ಮೆ ನಡುಗಿದಳು. ಕುತ್ತಿಗೆ ಎತ್ತಿದಳು. ಬಲಗೈ ಸೊಂಟ ಬಿಟ್ಟು ಮೇಲಕ್ಕೆ ಬಂತು.

"ಏ ಕ್ಯಾತಾ! ಮೂಳಾ! ಎಷ್ಟು ವರ್ಷ ಆತೋ ನನ್ನ ಡಬ್ಬ್ಯಾಗ ಹಾಕಿ ಹೋಗಿ? ಒಬ್ಬಾಂವ ಗಾಜಿನ್ಯಾಗ ಇಟ್ಟ, ಒಬ್ಬಾಂವ ಔಷಧ ಬಳದ, ಒಬ್ಬಾಂವ ನನ್ನ ಬಣ್ಣ ಅಳದು ಮುಖಾ ಸಣ್ಣದ ಮಾಡಿದ. ನಾ ಏನ್ ಸೋರೂ ಕೊಡ ಏನಪಾ, ಇಷ್ಟ ಉಳೀತು, ಅಷ್ಟ ಉಳೀತು ಅನ್ನಾಕ?" ತಗಡಿನ ದನಿ ಸುರಂಗದ ಕಲ್ಲಿಗೆ ಬಡಿದು ಮರುದನಿಯಾಯಿತು. ಗೊಂಬೆ ತಟ್ಟನೆ ಪ್ರಮೀಳಾಳ ಕಡೆ ತಿರುಗಿತು. "ಯಾರವ್ವಾ ಅಕಿ, ಕತ್ತಲಾಗ ಒಬ್ಬಾಕೇ ಕುಂತಾಕಿ? ನಿನ್ನ ಗಂಡನೂ ಸಂತಿಗೆ ಹೋಗ್ಯಾನೇನ?"

"ನನಗೆ ಗಂಡ ಇಲ್ಲ," ಎಂದಳು ಪ್ರಮೀಳಾ. ಗೊಂಬೆಗೆ ಉತ್ತರ ಕೊಡುತ್ತಿದ್ದೇನೆಂದು ಅವಳಿಗೆ ಅನ್ನಿಸಲಿಲ್ಲ.

"ಪುಣ್ಯಾತಗಿತ್ತಿ! ಹಂಗಾರ ದಿನಾ ಯಾರನ್ನ ಬೈತಿ?"

"ಯಾರನ್ನೂ ಇಲ್ಲ."

"ಯವ್ವಾ, ಅದೆಂಥಾ ಬಾಳೇವು! ಬೈಯಾಕ ಒಬ್ಬರಿಲ್ಲಂದ್ರ ಬಾಯಿಗೆ ಜೇಡ ಬಲಿ ಕಟ್ಟತೈತಿ. ಬಾ, ನಮ್ಮ ಕ್ಯಾತಾನ್ನ ಅರ್ಧ ಬೈದುಕೋ, ಕೊಡತೀನಿ."

ಪ್ರಮೀಳಾ ನಕ್ಕಳು. ನಗುತ್ತಿದ್ದಂತೆಯೇ ಗೋಡೆ ಮಸುಕಾಗತೊಡಗಿತು. ಹಸಿರು ಮುಗಿದು ಹಳದಿ, ಹಳದಿ ಮುಗಿದು ಕಿತ್ತಳೆ. ಎತ್ತಿದ ಕೈ ಮೊದಲು ಮರೆಯಾಯಿತು, ಆಮೇಲೆ ತುರುಬು, ಕೊನೆಗೆ ಆ ಕಣ್ಣು. ಹುಲಿಗೆಮ್ಮ ತಡವರಿಸಿದಳು.

"ದೀಪ ಹೋತೇನ್ರಿ?"

"ಇಲ್ಲ. ಕೆಂಪು ಬಂತು. ಕತ್ತಲೆಗೆ ಒಗ್ಗಿದ ಕಣ್ಣಿಗೆ ಕೆಂಪು ಕಾಣೋದಿಲ್ಲ. ಬೆಳಕು ಇದೆ, ಅವಳ ಮೇಲೆ ಬೀಳ್ತಾ ಇದೆ. ನೀವು ನಿಲ್ಲಿಸಬೇಡಿ."

ಕಗ್ಗತ್ತಲೆಯಲ್ಲಿ, ಕಾಣದ ಬೆಳಕಿನಲ್ಲಿ, ಬಂಗಾರಕ್ಕ ಇನ್ನೂ ಸ್ವಲ್ಪ ಹೊತ್ತು ಗಂಡನನ್ನು ಬೈದಳು. ಬೈಗುಳ ನಿಧಾನವಾಗಿ ಕರೆಯಾಯಿತು. "ಬಾರೋ ಕ್ಯಾತಾ, ರೊಟ್ಟಿ ಆರತಾವು," ಎಂದಳು. ಆಮೇಲೆ ತೊಗಲು ಚರಚರ ಎಂದು ಡಬ್ಬಿಗಿಳಿದ ಸದ್ದು. ಮುಚ್ಚಳ. ಗಾಳಿ ಹೊರಬಿದ್ದು ಸಾರಜನಕ ಒಳಹೊಕ್ಕ ಸಣ್ಣ ನಿಟ್ಟುಸಿರು.

ಫೋನಿನಲ್ಲಿ ದೊರೈ ಹೇಳಿದ: "ಮುಗೀತು ಮೇಡಂ. ಪಾಲು ಸೊನ್ನೆ."

ಆ ಸಂಜೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಪೂರ್ಣಚಿತ್ರ ಕೂಡಿಬಂದಾಗ ಮೂವರೂ ನಿಂತು ನೋಡಿದರು. ಪಾದ, ಸೀರೆಯ ಕೆಳಗಿನ ಅಂಚು ಹೆಚ್ಚುಕಡಿಮೆ ಸರಿಯಾಗಿದ್ದವು. ಮೇಲೆ ಹೋದಂತೆ ಬಣ್ಣಗಳು ಒಂದನ್ನೊಂದು ಬಿಟ್ಟು ಹೊರಟಿದ್ದವು. ನೀಲಿಯ ಕೈ ಸೊಂಟದ ಮೇಲೆ ನಿಶ್ಚಲ, ಹಸಿರಿನ ಕೈ ಎತ್ತಿದ್ದು, ಹಳದಿಯದು ಬೀಸಿದ್ದು, ಕೆಂಪಿನದು ಎಲ್ಲಿಗೋ ಚಾಚಿ ಕರೆಯುತ್ತಿದ್ದದ್ದು. ಮುಖವಿರಲಿಲ್ಲ. ಮುಖವಿರಬೇಕಾದ ಕಡೆ ಬಣ್ಣದ ಹೊಗೆ. ಆ ಅಗಲವಾದ ಕಣ್ಣು ಪೂರ್ಣಚಿತ್ರಕ್ಕೆ ಸೇರದೆ ಹೋಗಿತ್ತು.

ಹುಲಿಗೆಮ್ಮ ಅಳಲಿಲ್ಲ. ತನ್ನ ಚೀಲ ಹೆಗಲಿಗೇರಿಸಿಕೊಂಡು, "ನಿಮ್ಮ ಹೆಸರು ಕೆಡ್ತಲ್ರಿ ಮೇಡಂ," ಎಂದಳು. ಬಸ್ಸಿನ ಹೊತ್ತಾಗಿತ್ತು. ಬಾಗಿಲಲ್ಲಿ ಹೊರಳಿ, "ಆ ಬೂದಿ ಬಂಗಾರಕ್ಕನ್ನ ನಿಮ್ಮಲ್ಲೇ ಬಿಟ್ಟೀನಿ. ಕಡ್ಡಿ ಬಿಚ್ಚಬ್ಯಾಡ್ರಿ," ಎಂದು ಹೋದಳು.

ಬೆಳಿಗ್ಗೆ ಬೆಂಗಳೂರಿನ ಮುಖ್ಯ ಕಚೇರಿಯಿಂದ ಕರೆ ಬಂತು. ಅಧಿಕಾರಿ ಪ್ರಮೀಳಾಳಿಗಿಂತ ತುಂಬ ಕಿರಿಯ, ಮಾತು ಮೆತ್ತಗಿತ್ತು.

"ಮೇಡಂ, ನಿಮ್ಮಿಂದ ಇಂಥ ಚಿತ್ರ ಬಂದಿದೆ ಅಂದರೆ ಉಪಕರಣದ ತೊಂದರೆನೇ ಇರಬೇಕು. ಚೌಕಟ್ಟು ಸಡಿಲ ಆಗಿತ್ತಾ? ಹಾಗಂತಲೇ ಬರ್ಕೊಳ್ಳಲಾ?"

"ಚೌಕಟ್ಟು ಸರಿಯಾಗಿತ್ತು. ವಸ್ತು ಅಲುಗಿತು."

"ಅದು ಒಣಗಿದ ತೊಗಲು ಮೇಡಂ. ತಾನಾಗಿ ಹೇಗೆ ಅಲುಗುತ್ತೆ?"

"ತಾನಾಗಿ ಅಲ್ಲ. ನಾವು ಆಡಿಸಿದೆವು. ಅದಿರೋದೇ ಆಡೋದಕ್ಕೆ."

ಆ ವಾರದಿಂದ ಪ್ರಮೀಳಾ ಗಣಿಗೆ ಇಳಿಯುವಂತಿರಲಿಲ್ಲ. ಉಳಿದ ದಿನಗಳನ್ನು ಮನೆಯಲ್ಲೇ ಕಳೆಯಿರಿ ಎಂದರು. ಮರ್ಯಾದೆಯಿಂದಲೇ ಹೇಳಿದರು.

ಅವಳು ಶಾಂತರಾಜುವಿಗೆ ಫೋನ್ ಮಾಡಿದಳು. "ಆ ಪ್ರಿಂಟ್ ಸೀರೆ ಬೇಡ. ಅಮ್ಮನದನ್ನೇ ಉಡಿಸು. ನಾನು ಬರ್ತಾ ಇದೀನಿ, ನೋಡಬೇಕು."

"ಅಕ್ಕಾ, ಒಂದೇ ಗಂಟೆ..."

"ಗೊತ್ತು. ಲೆಕ್ಕ ನನಗೆ ಹೇಳ್ಬೇಡ."

ಫೋನ್ ಇಟ್ಟಾಗ ಸಂಜೆಯ ಬಿಸಿಲು ಅಡುಗೆಮನೆಯ ಕಿಟಕಿಯಿಂದ ಓರೆಯಾಗಿ ಬಿದ್ದಿತ್ತು. ಕುರ್ಚಿಗಳ ಮೇಲೆ ಬೂದು ಜನ ಎಂದಿನಂತೆ ಕೂತಿದ್ದರು. ಪ್ರಮೀಳಾ ಮೇಜಿನ ಮೇಲಿನ ಬದಲಿಯನ್ನು ಕಡ್ಡಿಗಳ ಸಮೇತ ಎತ್ತಿ ಬಿಸಿಲಿಗೆ ಹಿಡಿದಳು. ಗೋಡೆಯ ಮೇಲೆ ಬಂಗಾರಕ್ಕ ಬಂದು ನಿಂತಳು, ರಂಧ್ರವಿಲ್ಲದೆ, ಕಣ್ಣಿಲ್ಲದೆ.

"ಏ ಕ್ಯಾತಾ," ಎಂದಳು ಪ್ರಮೀಳಾ.

ದನಿ ಬಂಗಾರಕ್ಕನದಾಗಿರಲಿಲ್ಲ. ಮೈಸೂರಿನ, ಬಹುಕಾಲ ಬಳಸದ, ತುಸು ಹೆದರಿದ ದನಿ. ಅವಳು ಗಂಟಲು ಸರಿಮಾಡಿಕೊಂಡು ಇನ್ನೂ ಗಟ್ಟಿಯಾಗಿ ಕರೆದಳು. ಗೋಡೆಯ ಮೇಲಿನ ಕೈ ಮೇಲೆದ್ದಿತು.